ಹಿಂದೆ ತಿರುಗಿದ ಸಿಲಿಂಡರ್: ಹೊಸೂರಿನ 313 ಸಿಸಿ ಬೈಕಿನ ಹನ್ನೆರಡು ವರ್ಷ

2018ರ ಜುಲೈ 18ರಂದು ಬಿಎಂಡಬ್ಲ್ಯು ತನ್ನ ಜಿ 310 ಆರ್ ಬೈಕನ್ನು ಭಾರತದಲ್ಲಿ ಬಿಡುಗಡೆ ಮಾಡಿ 2.99 ಲಕ್ಷ ರೂಪಾಯಿ ಎಕ್ಸ್ ಶೋರೂಮ್ ಬೆಲೆ ಹೇಳಿತು. ಬೆಂಗಳೂರಿನ ಬೈಕ್ ಪ್ರಿಯರಿಗೆ ಆ ಅಂಕಿ ಸುಲಭವಾಗಿ ಗಂಟಲಿಗೆ ಇಳಿಯಲಿಲ್ಲ. ಬೈಕ್ ಹಡಗು ಹತ್ತಿ ಜರ್ಮನಿಯಿಂದ ಬಂದದ್ದಲ್ಲ. ಅತ್ತಿಬೆಲೆ ದಾಟಿದರೆ ಸಿಗುವ ಹೊಸೂರಿನ ಟಿವಿಎಸ್ ಕಾರ್ಖಾನೆಯಿಂದ, ಅಂದರೆ ಸುಮಾರು 40 ಕಿಲೋಮೀಟರ್ ದೂರದಿಂದ ಬಂದದ್ದು. ಅದೇ ಕಾರ್ಖಾನೆಯಲ್ಲಿ, ಅದೇ ಮೂಲದ ಎಂಜಿನ್ ಇಟ್ಟುಕೊಂಡು ತಯಾರಾದ ಟಿವಿಎಸ್ ಅಪಾಚೆ ಆರ್‌ಆರ್ 310 ಅದಕ್ಕೆ ಏಳು ತಿಂಗಳು ಮೊದಲೇ 2.05 ಲಕ್ಷಕ್ಕೆ ಮಾರುಕಟ್ಟೆಗೆ ಬಂದಾಗಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಇಲ್ಲಿ ಹಿತ್ತಲ ಗಿಡಕ್ಕೇ ಪರದೇಶದ ಚೀಟಿ ಅಂಟಿಸಿ, ಪರದೇಶದ ಬೆಲೆಗೆ ನಮಗೇ ಮಾರಿದಂತಾಗಿತ್ತು.

ಈ ಬೈಕಿನ ಕಥೆಯನ್ನು ಸಾಮಾನ್ಯವಾಗಿ ‘ದುಬಾರಿಯಾಗಿತ್ತು, ಓಡಲಿಲ್ಲ’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಅದು ಅರ್ಧ ಸತ್ಯ. ಇದರ ಎಂಜಿನ್ ಈ ಗಾತ್ರದ ರಸ್ತೆ ಬೈಕುಗಳಲ್ಲಿ ಯಾರೂ ಮಾಡದ ಧೈರ್ಯ ಮಾಡಿತ್ತು. ಆ ಧೈರ್ಯವನ್ನು ಬರಿಗಣ್ಣಿಗೆ ತೋರಿಸಬಲ್ಲ ಬೈಕನ್ನು ಯಾರು, ಯಾವಾಗ, ಎಷ್ಟಕ್ಕೆ ಮಾರಬೇಕು ಎಂಬ ಲೆಕ್ಕದಲ್ಲಿ ಎಡವಟ್ಟಾಯಿತು ಎಂಬುದು ನನ್ನ ಅಭಿಪ್ರಾಯ.

ಇಬ್ಬರ ಅಗತ್ಯ

ಟಿವಿಎಸ್ ಮತ್ತು ಬಿಎಂಡಬ್ಲ್ಯುವಿನ ಬೈಕ್ ವಿಭಾಗವಾದ ಬಿಎಂಡಬ್ಲ್ಯು ಮೋಟೊರಾಡ್ ಒಪ್ಪಂದಕ್ಕೆ ಸಹಿ ಹಾಕಿದ್ದು 2013ರ ಏಪ್ರಿಲ್‌ನಲ್ಲಿ. 500 ಸಿಸಿಗಿಂತ ಕೆಳಗಿನ ಬೈಕುಗಳನ್ನು ಒಟ್ಟಿಗೆ ರೂಪಿಸುವುದು, ಇಬ್ಬರೂ ತಮ್ಮ ತಮ್ಮ ಹೆಸರಿನಲ್ಲಿ, ತಮ್ಮ ತಮ್ಮ ಶೋರೂಮ್‌ಗಳಲ್ಲಿ ಮಾರುವುದು ಎಂಬುದು ಅದರ ತಿರುಳು.

ಟಿವಿಎಸ್‌ಗೆ ಪಾಲುದಾರಿಕೆ ಹೊಸದಲ್ಲ, ಅದರ ಬಿಸಿಯೂ ಹೊಸದಲ್ಲ. 1984ರಲ್ಲಿ ಇಂಡ್-ಸುಜುಕಿ 100 ಸಿಸಿ ಬೈಕಿನೊಂದಿಗೆ ಆರಂಭವಾದ ಸುಜುಕಿ ನಂಟು 2001ರಲ್ಲಿ ಕಡಿದುಹೋಯಿತು. ಅದೇ ವರ್ಷ ಕಂಪನಿ ಸ್ವಂತ ಬಲದಿಂದ ವಿಕ್ಟರ್ ಬೈಕನ್ನು ಹೊರತಂದು ಉಸಿರು ಉಳಿಸಿಕೊಂಡಿತು. ಹಾಗಾಗಿ ಈ ಬಾರಿ ತಂತ್ರಜ್ಞಾನವನ್ನು ಎರವಲು ಪಡೆಯುವುದಕ್ಕಿಂತ, ಜೊತೆಗೆ ಕೂತು ಕಲಿತು, ಕಲಿತದ್ದನ್ನು ತನ್ನ ಹೆಸರಿನಲ್ಲೂ ಬಳಸುವ ಹಕ್ಕು ಅದಕ್ಕೆ ಮುಖ್ಯವಾಗಿತ್ತು. ಬಿಎಂಡಬ್ಲ್ಯುವಿನ ಕೊರತೆ ಬೇರೆ ಬಗೆಯದು. 1966ರಲ್ಲಿ 250 ಸಿಸಿಯ ಆರ್ 27 ನಿಂತ ಮೇಲೆ ಆ ಗಾತ್ರದ ರಸ್ತೆ ಬೈಕ್ ಅದರ ಬಳಿ ಇರಲಿಲ್ಲ. 1993ರಲ್ಲಿ ಒಂಟಿ ಸಿಲಿಂಡರ್‌ನ ಎಫ್ 650 ಬೇಕಾದಾಗಲೂ ಎಂಜಿನ್ ರೋಟಾಕ್ಸ್‌ನದು, ಜೋಡಣೆ ಇಟಲಿಯ ಏಪ್ರಿಲಿಯಾ ಕಾರ್ಖಾನೆಯದು. ಸಣ್ಣ ಬೈಕನ್ನು ಅಗ್ಗವಾಗಿ ಮಾಡುವ ವಿದ್ಯೆ ಮ್ಯೂನಿಕ್‌ನಲ್ಲಿಲ್ಲ, ಅದು ಹೊಸೂರಿನಲ್ಲಿದೆ ಎಂದು ಅವರಿಗೆ ಗೊತ್ತಿತ್ತು.

ಪಕ್ಕದ ಮನೆಯ ಉದಾಹರಣೆ ಇಬ್ಬರ ಕಣ್ಣೆದುರೇ ಇತ್ತು. ಬಜಾಜ್ 2007ರಲ್ಲಿ ಆಸ್ಟ್ರಿಯಾದ ಕೆಟಿಎಂನಲ್ಲಿ ಶೇ 14.5 ಪಾಲು ಕೊಂಡು, ಪುಣೆ ಬಳಿಯ ಚಾಕಣ್‌ನಲ್ಲಿ ಡ್ಯೂಕ್ ಬೈಕುಗಳನ್ನು ತಯಾರಿಸತೊಡಗಿತ್ತು. ಹೊಸೂರಿನ ಒಪ್ಪಂದಕ್ಕೆ ಸಹಿ ಬಿದ್ದು ಎರಡೇ ತಿಂಗಳಲ್ಲಿ, 2013ರ ಜೂನ್‌ನಲ್ಲಿ, 390 ಡ್ಯೂಕ್ 1.80 ಲಕ್ಷಕ್ಕೆ ಬಂತು. 373 ಸಿಸಿ, 43 ಅಶ್ವಶಕ್ತಿಗೂ ಮಿಕ್ಕ ಬಲ, ಮೈಮೇಲೆ ಫೇರಿಂಗ್, ಅಂದರೆ ಪ್ಲಾಸ್ಟಿಕ್ ಹೊದಿಕೆ, ಇಲ್ಲದ ನೇಕೆಡ್ ದೇಹ. ಒಪ್ಪಂದದ ಶಾಯಿ ಆರುವ ಮೊದಲೇ ಎದುರಾಳಿ ಅಖಾಡದಲ್ಲಿ ನಿಂತಿದ್ದ.

ಎಂಜಿನ್ ಎಂಬ ಸಾಹಸ

ಸಾಮಾನ್ಯ ಒಂಟಿ ಸಿಲಿಂಡರ್ ಬೈಕನ್ನು ಪಕ್ಕದಿಂದ ನೋಡಿ. ಸಿಲಿಂಡರ್ ನೆಟ್ಟಗೆ ಅಥವಾ ತುಸು ಮುಂದಕ್ಕೆ ಬಾಗಿ ನಿಂತಿರುತ್ತದೆ. ಗಾಳಿ ಮತ್ತು ಪೆಟ್ರೋಲು ಹಿಂಬದಿಯಿಂದ ಒಳಹೋಗುತ್ತವೆ. ಸುಟ್ಟ ಹೊಗೆ ಮುಂಬದಿಯಿಂದ ಹೊರಬಿದ್ದು, ಎಂಜಿನ್ನಿನ ಹೊಟ್ಟೆಯ ಕೆಳಗೆ ಬಳಸಿಕೊಂಡು ಸೈಲೆನ್ಸರ್ ಸೇರುತ್ತದೆ. ನೂರು ವರ್ಷಗಳಿಂದ ಬಹುಪಾಲು ಬೈಕುಗಳು ಇದೇ ಕ್ರಮದಲ್ಲಿ ಉಸಿರಾಡುತ್ತ ಬಂದಿವೆ.

ಜಿ 310 ಆರ್‌ನಲ್ಲಿ ಸಿಲಿಂಡರಿನ ಮೇಲ್ಭಾಗವಾದ ಹೆಡ್ಡನ್ನು 180 ಡಿಗ್ರಿ ತಿರುಗಿಸಿ, ಸಿಲಿಂಡರನ್ನು ಹಿಂದಕ್ಕೆ ಒರಗಿಸಿದರು. ಗಾಳಿ ಈಗ ಮುಂದಿನಿಂದ ಒಳಕ್ಕೆ, ಹೊಗೆ ಹಿಂದಿನಿಂದ ಹೊರಕ್ಕೆ. ಯಮಹಾ ತನ್ನ ವೈಝಡ್450ಎಫ್ ಮೊಟೊಕ್ರಾಸ್ ಬೈಕಿನಲ್ಲಿ 2010ರ ಹೊತ್ತಿಗೆ ಇದನ್ನು ಮಾಡಿತ್ತು. ಆದರೆ ಅದು ಮಣ್ಣಿನ ಓಟಕ್ಕೆ ಹುಟ್ಟಿದ ಯಂತ್ರ. ದಿನಾ ಕಚೇರಿಗೆ ಹೋಗುವವರ ಬೈಕಿಗೆ ಈ ಮನೆಯನ್ನು ಹಿಂದುಮುಂದು ಮಾಡುವ ಉಸಾಬರಿ ಏಕೆ?

ಕಾರಣ ಭಾರ. ಸಿಲಿಂಡರ್ ಹಿಂದಕ್ಕೆ ಒರಗಿದಾಗ ಅದರ ಮುಂದೆ ಜಾಗ ಬಿಡುವಾಗುತ್ತದೆ. ಎಂಜಿನ್ನಿನ ತೂಕದ ತಳಭಾಗವನ್ನು, ಅಂದರೆ ಕ್ರ್ಯಾಂಕ್ ಇರುವ ಪೆಟ್ಟಿಗೆಯನ್ನು, ಮುಂಚಕ್ರದತ್ತ ಸರಿಸಬಹುದು. ಮುಂಚಕ್ರದ ಮೇಲೆ ಭಾರ ಬಿದ್ದಷ್ಟೂ ತಿರುವಿನಲ್ಲಿ ಬೈಕ್ ಹೇಳಿದ ಮಾತು ಕೇಳುತ್ತದೆ. ಎಂಜಿನ್ ಮುಂದೆ ಸರಿದಿದ್ದರಿಂದ ಹಿಂದೆಯೂ ಜಾಗ ಸಿಕ್ಕಿತು, ಅಲ್ಲಿ ಹಿಂಚಕ್ರವನ್ನು ಹಿಡಿದಿಡುವ ತೋಳನ್ನು, ಅಂದರೆ ಸ್ವಿಂಗ್ ಆರ್ಮನ್ನು, ಉದ್ದವಾಗಿಯೇ ಕೂರಿಸಿದರು. ಉದ್ದ ಸ್ವಿಂಗ್ ಆರ್ಮ್ ಇದ್ದರೆ ಎಕ್ಸಿಲರೇಟರ್ ತಿರುವಿದಾಗ ಹಿಂಬದಿ ಗಲಿಬಿಲಿಗೊಳ್ಳುವುದಿಲ್ಲ. ಇಷ್ಟೆಲ್ಲ ಆದರೂ ಎರಡು ಚಕ್ರಗಳ ನಡುವಿನ ಅಂತರ ಕೇವಲ 1,374 ಮಿ.ಮೀ. ಗಿಡ್ಡ ಬೈಕಿನ ಚುರುಕು ಮತ್ತು ಉದ್ದ ಬೈಕಿನ ಸ್ಥಿರತೆಯನ್ನು ಒಂದೇ ಚೌಕಟ್ಟಿನಲ್ಲಿ ಹೊಂದಿಸಿದ ಈ ಜಾಣತನಕ್ಕೆ ನಾನು ಇಂದಿಗೂ ತಲೆದೂಗುತ್ತೇನೆ. ಮುಂದೆ 41 ಮಿ.ಮೀ. ದಪ್ಪದ ತಲೆಕೆಳಗಾದ ಫೋರ್ಕ್, 300 ಮಿ.ಮೀ. ಡಿಸ್ಕ್, 785 ಮಿ.ಮೀ. ಎತ್ತರದ ಸೀಟು, ಟ್ಯಾಂಕ್ ತುಂಬಿದರೂ 158.5 ಕಿಲೋ ತೂಕ. ಎತ್ತರ ಕಡಿಮೆಯಿರುವ ಸವಾರರಿಗೆ ಎರಡೂ ಕಾಲು ನೆಲ ಮುಟ್ಟುವ ಬೈಕುಗಳ ಪಟ್ಟಿಯಲ್ಲಿ ಇದು ಮೇಲಿತ್ತು.

ಒಂದು ತಮಾಷೆ ಹೇಳಿಬಿಡುತ್ತೇನೆ. ಇದರ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 80 ಮಿ.ಮೀ.; ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 62.1 ಮಿ.ಮೀ. ಶಾಲೆಯಲ್ಲಿ ಕಲಿತ ಸೂತ್ರದಿಂದ ಗುಣಿಸಿದರೆ 312.1 ಸಿಸಿ ಬರುತ್ತದೆ. ಟಿವಿಎಸ್ ಕಾಗದಪತ್ರದಲ್ಲಿ ಅದು 312.2, ಬಿಎಂಡಬ್ಲ್ಯು ಕಾಗದಪತ್ರದಲ್ಲಿ 313. ಒಂದೇ ಕೊಡಕ್ಕೆ ಎರಡು ಅಳತೆ.

ಬೋರ್ ದೊಡ್ಡದು, ಸ್ಟ್ರೋಕ್ ಚಿಕ್ಕದು ಎಂದರೆ ಎಂಜಿನ್ ವೇಗವಾಗಿ ತಿರುಗಲು ಹುಟ್ಟಿದ್ದು ಎಂದರ್ಥ. 34 ಅಶ್ವಶಕ್ತಿ ಸಿಗುತ್ತಿದ್ದುದು 9,500 ಆರ್‌ಪಿಎಂನಲ್ಲಿ, 28 ನ್ಯೂಟನ್ ಮೀಟರ್ ಎಳೆತ (ಟಾರ್ಕ್) ಸಿಗುತ್ತಿದ್ದುದು 7,500ರಲ್ಲಿ. ಖಾಲಿ ಹೆದ್ದಾರಿಯಲ್ಲಿ ಇದು ಸೊಗಸು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಎರಡನೇ ಗೇರಿನಲ್ಲಿ ತೆವಳುವವನಿಗೆ ಆ 7,500 ಎಂದೂ ಬರುವುದಿಲ್ಲ. ಮೊದಲ ತಂಡದ ಬೈಕುಗಳು ಕ್ಲಚ್ ಬಿಡುವ ಗಳಿಗೆಯಲ್ಲಿ ಗಕ್ಕನೆ ನಿಂತುಹೋಗುತ್ತವೆ ಎಂಬುದು ದೇಶವಿದೇಶದ ಪರೀಕ್ಷಾ ವರದಿಗಳಲ್ಲಿ ಬಂದ ದೂರು. ಆರ್‌ಪಿಎಂ ಏರಿದಾಗ ಹ್ಯಾಂಡಲ್ ಮತ್ತು ಫುಟ್‌ರೆಸ್ಟ್‌ಗಳಲ್ಲಿ ನಡುಕ ಎಂಬುದು ಇನ್ನೊಂದು. ತಿರುಗಿದ ಸಿಲಿಂಡರಿಗೂ ಈ ನಡುಕಕ್ಕೂ ನೇರ ಸಂಬಂಧ ಕಟ್ಟುವುದು ಸರಿಯಲ್ಲ. ದೊಡ್ಡ ಪಿಸ್ಟನ್ ಒಂದೇ ಒಂದು ಇದ್ದು ಅದು ನಿಮಿಷಕ್ಕೆ ಒಂಬತ್ತು ಸಾವಿರ ಸಲ ಮೇಲೆ ಕೆಳಗೆ ಓಡುವಾಗ ನಡುಕ ಇದ್ದದ್ದೇ. ಅದನ್ನು ಎಷ್ಟು ನುಂಗಿಸಿಕೊಳ್ಳಬಹುದು ಎಂಬುದಷ್ಟೇ ಪ್ರಶ್ನೆ, ಮೊದಲ ವರ್ಷಗಳಲ್ಲಿ ನುಂಗಿದ್ದು ಸಾಲಲಿಲ್ಲ.

ಅಮೆರಿಕದಲ್ಲಿ 2018ರಲ್ಲೇ ಸೈಡ್ ಸ್ಟ್ಯಾಂಡ್ ಜೋಡಿಸಿದ ಜಾಗದ ಬಲ ಸಾಲದೆಂದು ಬೈಕುಗಳನ್ನು ವಾಪಸ್ ಕರೆಸಿ ದುರಸ್ತಿ ಮಾಡಬೇಕಾಯಿತು. ಎಂಜಿನ್ನಿನಲ್ಲಿ ಅಷ್ಟು ತಲೆ ಓಡಿಸಿದವರು ಸ್ಟ್ಯಾಂಡಿನ ಹತ್ತಿರ ಮೈಮರೆತದ್ದು ವಿಚಿತ್ರ ಅನ್ನಿಸಬಹುದು. ಹೊಸ ಯಂತ್ರಗಳಲ್ಲಿ ಇದು ಅಪರೂಪವೇನಲ್ಲ. ಎಲ್ಲರ ಕಣ್ಣೂ ಹೊಸ ಭಾಗದ ಮೇಲಿರುವಾಗ ಹಳೆಯ, ಸರಳ ಭಾಗವೇ ಕೈಕೊಡುತ್ತದೆ.

ತೋರಿಸಬೇಕಾದುದನ್ನು ಮುಚ್ಚಿಟ್ಟದ್ದು

ಬೈಕನ್ನು ಜಗತ್ತಿಗೆ ತೋರಿಸಿದ್ದು 2015ರ ನವೆಂಬರ್‌ನಲ್ಲಿ, ಮಿಲಾನ್‌ನ ಪ್ರದರ್ಶನದಲ್ಲಿ. ಅದಕ್ಕೆ ಒಂದು ತಿಂಗಳು ಮೊದಲು ಬ್ರೆಜಿಲ್‌ನಲ್ಲಿ ಸ್ಟಂಟ್ ಸವಾರಿಗೆಂದು ಸಿದ್ಧಪಡಿಸಿದ ಮಾದರಿಯೊಂದನ್ನು ಇಟ್ಟು ಬಾಯಲ್ಲಿ ನೀರೂರಿಸಿದ್ದರು. ವಿನ್ಯಾಸ ಮ್ಯೂನಿಕ್‌ನದು, ತಯಾರಿಕೆ ಹೊಸೂರಿನದು. ಬ್ರೆಜಿಲ್ ಮಾರುಕಟ್ಟೆಗೆ ಮಾತ್ರ ಮನೌಸ್‌ನಲ್ಲಿ ಜೋಡಣೆ. ಜರ್ಮನಿಯಲ್ಲಿ ಬೆಲೆ 4,750 ಯೂರೊ. ಅಲ್ಲಿಯ ಗ್ರಾಹಕನಿಗೆ ಇದು ಬಿಎಂಡಬ್ಲ್ಯು ಲಾಂಛನದ ಅತಿ ಅಗ್ಗದ ಬೈಕ್. ಯುರೋಪಿನಲ್ಲಿ ಮಧ್ಯಮ ಬಲದ ಬೈಕುಗಳಿಗೆ ಕೊಡುವ ಎ2 ಚಾಲನಾ ಪರವಾನಗಿಯ ಮಿತಿ 35 ಕಿಲೋವಾಟ್, ಇದರ ಬಲ 25. ಮಿತಿಯ ತನಕ ಎಳೆಯುವ ಹಟ ಅವರಿಗಿರಲಿಲ್ಲ. ಕಲಿಯುವವರಿಗೊಂದು ಸೌಮ್ಯ ಬೈಕ್ ಸಾಕಾಗಿತ್ತು.

ಭಾರತಕ್ಕೆ ಬರಲು ಇನ್ನೂ ಎರಡೂವರೆ ವರ್ಷ ಹಿಡಿಯಿತು. ತಯಾರಾಗುವ ಊರಿನ ಜನರೇ ಕೊನೆಗೆ ಉಣ್ಣಬೇಕಾಯಿತು. ಬಿಎಂಡಬ್ಲ್ಯು ಮೋಟೊರಾಡ್ ಭಾರತದಲ್ಲಿ ನೇರವಾಗಿ ವ್ಯವಹಾರ ಆರಂಭಿಸಿದ್ದೇ 2017ರ ಏಪ್ರಿಲ್‌ನಲ್ಲಿ. ಮಾರಲು ಅಂಗಡಿಯೇ ಇಲ್ಲದ ಮೇಲೆ ಬೈಕ್ ಇದ್ದೇನು? ಈ ನಡುವೆ ಡ್ಯೂಕ್ 2017ರಲ್ಲಿ ಹೊಸ ರೂಪ ತಳೆದು, ಬಣ್ಣದ ಟಿಎಫ್‌ಟಿ ಪರದೆ, ಎಲ್‌ಇಡಿ ದೀಪ, ಎಲೆಕ್ಟ್ರಾನಿಕ್ ಥ್ರಾಟಲ್ ಹೊತ್ತು 2.25 ಲಕ್ಷಕ್ಕೆ ಬಂದಿತ್ತು.

ಟಿವಿಎಸ್ 2016ರ ಆಟೊ ಎಕ್ಸ್‌ಪೋದಲ್ಲಿ ಅಕುಲ 310 ಎಂಬ ಮಾದರಿ ತೋರಿಸಿ, 2017ರ ಡಿಸೆಂಬರ್‌ನಲ್ಲಿ ಅದನ್ನೇ ಅಪಾಚೆ ಆರ್‌ಆರ್ 310 ಎಂದು ಮಾರುಕಟ್ಟೆಗೆ ತಂದಿತು. ಅದು ಮೈತುಂಬ ಫೇರಿಂಗ್ ಹೊದ್ದ ಸ್ಪೋರ್ಟ್ಸ್ ಬೈಕ್. ಬಿಎಂಡಬ್ಲ್ಯುವಿನ ಪಾಲಿಗೆ ನೇಕೆಡ್ ಆರ್ ಮತ್ತು ಎತ್ತರದ ಸಾಹಸ ಬೈಕ್ ಜಿಎಸ್, ಟಿವಿಎಸ್ ಪಾಲಿಗೆ ಫೇರಿಂಗ್ ಬೈಕ್. ಒಬ್ಬರ ಗ್ರಾಹಕನನ್ನು ಮತ್ತೊಬ್ಬರು ಕಸಿಯದಂತೆ ಗೆರೆ ಎಳೆದ ಹಾಗೆ ಕಾಣುತ್ತದೆ. ಕಾಗದದ ಮೇಲೆ ಇದು ನ್ಯಾಯವೇ.

ಆದರೆ ನೇಕೆಡ್ ಬೈಕಿನ ಗುಟ್ಟೇ ಎಂಜಿನ್ ಕಣ್ಣಿಗೆ ಬೀಳುವುದು. ಈ ಗಾತ್ರದಲ್ಲಿ ಜಗತ್ತಿನಲ್ಲೇ ಅಪರೂಪದ ಎಂಜಿನ್ ಒಂದನ್ನು ತಯಾರಿಸಿದ ಕಂಪನಿ, ಅದನ್ನು ತನ್ನ ಹೆಸರಿನ ಬೈಕಿನಲ್ಲಿ ಪ್ಲಾಸ್ಟಿಕ್ಕಿನ ಹಿಂದೆ ಅಡಗಿಸಿಟ್ಟಿತು. ಬಯಲಿನಲ್ಲಿಟ್ಟು ತೋರಿಸುವ ಹಕ್ಕು ಪಡೆದವರು ಅದಕ್ಕೆ ಮೂರು ಲಕ್ಷ ಕೇಳಿದರು. ದಿನನಿತ್ಯದ ಓಡಾಟಕ್ಕೆ ನೆಟ್ಟಗೆ ಕೂರುವ ಬೈಕ್ ಹುಡುಕುತ್ತಿದ್ದ, ಅಪಾಚೆ 160 ಮತ್ತು 200 ಓಡಿಸಿ ಮುಂದಿನ ಮೆಟ್ಟಿಲಿಗೆ ಕಾದಿದ್ದ ಹುಡುಗ ಹುಡುಗಿಯರಿಗೆ ಈ ಎರಡರಲ್ಲಿ ಯಾವುದೂ ಒಗ್ಗಲಿಲ್ಲ. ಅವರು ನೇರ ಡ್ಯೂಕ್ ಅಂಗಡಿಗೆ ನಡೆದರು. ಅಲ್ಲಿ ಪ್ರತಿ ಟನ್ ತೂಕಕ್ಕೆ ಸುಮಾರು 267 ಅಶ್ವಶಕ್ತಿ ಸಿಗುತ್ತಿತ್ತು, ಇಲ್ಲಿ 214. ಬೆಲೆ ಮುಕ್ಕಾಲು ಲಕ್ಷದ ಆಸುಪಾಸು ಹೆಚ್ಚು, ಬಲ ಐದರಲ್ಲಿ ಒಂದು ಪಾಲು ಕಡಿಮೆ. ಲಾಂಛನದ ಮೇಲಿನ ಪ್ರೀತಿ ಎಷ್ಟೇ ಗಟ್ಟಿಯಾಗಿದ್ದರೂ ಈ ಲೆಕ್ಕದ ಮುಂದೆ ಕರಗುತ್ತದೆ.

ಬಿಎಂಡಬ್ಲ್ಯುವಿನ ಪರವಾಗಿ ಒಂದು ಮಾತು ಹೇಳಬೇಕು. ಆಗಿನ ವಿನಿಮಯ ದರದಲ್ಲಿ ಜರ್ಮನಿಯ 4,750 ಯೂರೊ ಎಂದರೆ ಮೂರೂಮುಕ್ಕಾಲು ಲಕ್ಷ ರೂಪಾಯಿಯ ಸುತ್ತಮುತ್ತ. ಅವರ ದೃಷ್ಟಿಯಲ್ಲಿ ನಮಗೆ ರಿಯಾಯಿತಿಯನ್ನೇ ಕೊಟ್ಟಿದ್ದರು. ನಮ್ಮ ದೃಷ್ಟಿಯಲ್ಲಿ ಹೋಲಿಕೆ ಬರ್ಲಿನ್ ಜೊತೆಗಲ್ಲ, ಪಕ್ಕದ ಶೋರೂಮ್ ಜೊತೆಗೆ.

ಐವತ್ತನಾಲ್ಕು ಸಾವಿರದ ಪಾಠ

2019ರಲ್ಲಿ ಬಿಎಂಡಬ್ಲ್ಯು ಮೋಟೊರಾಡ್ ಭಾರತದಲ್ಲಿ ಮಾರಿದ್ದು ಎಲ್ಲ ಮಾದರಿಗಳೂ ಸೇರಿ 2,403 ಬೈಕು. 2020ರ ಅಕ್ಟೋಬರ್‌ನಲ್ಲಿ ಬಿಎಸ್6 ಎಂಬ ಹೊಸ ಹೊಗೆ ನಿಯಮದ ಆವೃತ್ತಿ ಬಂದಾಗ ಜಿ 310 ಆರ್ ಬೆಲೆಯನ್ನು 54 ಸಾವಿರ ತಗ್ಗಿಸಿ 2.45 ಲಕ್ಷಕ್ಕೆ ಇಳಿಸಿದರು. ಬಿಎಸ್6 ಬಂದಾಗ ಉಳಿದವರೆಲ್ಲ ಬೆಲೆ ಏರಿಸಿದ ವರ್ಷ ಅದು. ಜನವರಿಯಲ್ಲಿ ಬಂದಿದ್ದ ಬಿಎಸ್6 ಡ್ಯೂಕ್ 2.5 ಲಕ್ಷ ದಾಟಿತ್ತು, ಆರ್‌ಆರ್ 310 ಕೂಡ 2.40ಕ್ಕೆ ಏರಿತ್ತು. ಟಿವಿಎಸ್ ಬೈಕಿನೊಂದಿಗೆ ಬಿಡುಗಡೆಯ ಬೆಲೆಗಳನ್ನಷ್ಟೇ ಹೋಲಿಸಿದರೆ, ಒಂದು ಕಾಲಕ್ಕೆ 94 ಸಾವಿರವಿದ್ದ ಲಾಂಛನದ ಬೆಲೆ ಐದು ಸಾವಿರಕ್ಕೆ ಬಂದು ನಿಂತಿತ್ತು.

ಅಗ್ಗ ಮಾಡುವುದರ ಜೊತೆಗೆ ಹಳೆಯ ದೂರುಗಳಿಗೂ ಮದ್ದು ಅರೆದಿದ್ದರು. ಎಲೆಕ್ಟ್ರಾನಿಕ್ ಥ್ರಾಟಲ್ ಬಂತು. ಗೇರ್ ಹಾಕಿ ಹೊರಡುವಾಗ ಎಂಜಿನ್ ತಾನಾಗಿಯೇ ಆರ್‌ಪಿಎಂ ತುಸು ಏರಿಸಿಕೊಂಡು, ಗಕ್ಕನೆ ನಿಲ್ಲುವುದನ್ನು ತಪ್ಪಿಸಿತು. ಸ್ಲಿಪ್ಪರ್ ಕ್ಲಚ್ ಬಂದು ಎಡಗೈ ಹಗುರಾಯಿತು. ಎಲ್‌ಇಡಿ ದೀಪ, ಕೈಯಳತೆಗೆ ಹೊಂದಿಸಬಹುದಾದ ಲಿವರ್‌ಗಳು ಬಂದವು. ಈ ದುರಸ್ತಿಗಳಲ್ಲಿ ಟಿವಿಎಸ್ ಒಂದು ಹೆಜ್ಜೆ ಮುಂದಿತ್ತು. ಸ್ಲಿಪ್ಪರ್ ಕ್ಲಚ್ ಆರ್‌ಆರ್ 310ಕ್ಕೆ 2019ರಲ್ಲೇ ಬಂದಿತ್ತು.

ಕೋವಿಡ್ ನುಂಗಿದ 2020ರಲ್ಲಿ ಬಿಎಂಡಬ್ಲ್ಯು ಮೋಟೊರಾಡ್ ಮಾರಾಟ 2,563. ಮರುವರ್ಷ 5,191, ಅದರಲ್ಲಿ ಶೇ 90ಕ್ಕೂ ಹೆಚ್ಚು 310ರ ಬೈಕುಗಳೇ. ಎಂಜಿನ್ ಅದೇ, ಚೌಕಟ್ಟು ಅದೇ, ಕಾರ್ಖಾನೆ ಅದೇ. ಎರಡು ವರ್ಷ ಮೊದಲೇ ಈ ಕೆಲಸ ಮಾಡಬಾರದಿತ್ತೇ ಎಂದು ಯಾರಿಗಾದರೂ ಅನ್ನಿಸದೆ ಇರದು. ಆಗಿನ ಐವತ್ತನಾಲ್ಕು ಸಾವಿರ ರೂಪಾಯಿಯ ಮೋಹದಲ್ಲಿ ಬೈಕಿನ ಮೊದಲ ಹೆಸರು ಕೆಟ್ಟುಹೋಗಿತ್ತು. ನಮ್ಮ ಊರುಗಳಲ್ಲಿ ಒಂದು ಸಲ ‘ದುಬಾರಿ, ನಡುಗುತ್ತೆ’ ಎಂದು ಹೆಸರು ಬಿದ್ದ ಗಾಡಿಗೆ ಆ ಹೆಸರು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯ ತನಕ ಬೆನ್ನು ಬಿಡುವುದಿಲ್ಲ.

ಇಬ್ಬರ ನಡುವೆ ಎಳೆದಿದ್ದ ಗೆರೆಯೂ 2022ರ ಜುಲೈನಲ್ಲಿ ಅಳಿಸಿತು. ಬಿಎಂಡಬ್ಲ್ಯು 2.85 ಲಕ್ಷಕ್ಕೆ ಜಿ 310 ಆರ್‌ಆರ್ ಎಂಬುದನ್ನು ತಂದಿತು, ಅಂದರೆ ಅಪಾಚೆ ಆರ್‌ಆರ್ 310ಕ್ಕೇ ಬಣ್ಣ ಬದಲಿಸಿದ ರೂಪ. ಫೇರಿಂಗ್ ಬೈಕನ್ನು ಅವರಿಗೆ ಬಿಟ್ಟುಕೊಟ್ಟ ಮೇಲೆ, ನೇಕೆಡ್ ಬೈಕನ್ನು ತಾನು ಮಾಡದಿರಲು ಟಿವಿಎಸ್‌ಗೆ ಯಾವ ಕಾರಣವೂ ಉಳಿಯಲಿಲ್ಲ.

ತಡವಾಗಿ ಬಂದ ಆರ್‌ಟಿಆರ್

2023ರ ಸೆಪ್ಟೆಂಬರ್ 6ರಂದು ಬ್ಯಾಂಕಾಕ್‌ನಲ್ಲಿ ಅಪಾಚೆ ಆರ್‌ಟಿಆರ್ 310 ಅನಾವರಣಗೊಂಡಿತು. ಆರಂಭಿಕ ಬೆಲೆ 2.43 ಲಕ್ಷ. ಒಪ್ಪಂದವಾಗಿ ಹತ್ತು ವರ್ಷ ಕಳೆದ ಮೇಲೆ, ತಿರುಗಿದ ಸಿಲಿಂಡರ್ ತನ್ನನ್ನು ತಯಾರಿಸಿದವರ ಹೆಸರಿನಲ್ಲಿ ಮೊದಲ ಬಾರಿ ಬಯಲಿಗೆ ಬಂತು. ಬಲ 35.6 ಅಶ್ವಶಕ್ತಿ, ಎಳೆತ 28.7 ನ್ಯೂಟನ್ ಮೀಟರ್. ಎಳೆತದ ಶಿಖರ ಈಗ 6,650 ಆರ್‌ಪಿಎಂಗೆ ಇಳಿದಿತ್ತು. ಊರೊಳಗೆ ಓಡಿಸುವವನಿಗೆ ಒಂದೂವರೆ ಅಶ್ವಶಕ್ತಿಯಷ್ಟು ಹೆಚ್ಚಾದುದಕ್ಕಿಂತ ಈ ಇಳಿಕೆಯೇ ದೊಡ್ಡ ಉಡುಗೊರೆ. ಐದು ರೈಡಿಂಗ್ ಮೋಡ್, ಕ್ರೂಸ್ ಕಂಟ್ರೋಲ್, ಬೇಕೆಂದವರಿಗೆ ಹೊಂದಿಸಬಹುದಾದ ಸಸ್ಪೆನ್ಷನ್, ಬಾಗಿದಾಗಲೂ ಕೆಲಸ ಮಾಡುವ ಎಬಿಎಸ್, ಕೊನೆಗೆ ಬಿಸಿ-ತಂಪು ಮಾಡುವ ಸೀಟು ಕೂಡ. ಸೀಟಿನ ವಿಷಯದಲ್ಲಿ ನನಗೆ ನಗು ಬಂದದ್ದು ನಿಜ. ಕ್ಲಚ್‌ನ ಮುಚ್ಚಳವನ್ನೂ ಪಾರದರ್ಶಕ ಮಾಡಿದರು. ಆರು ವರ್ಷ ಎಂಜಿನ್ನನ್ನೇ ಮುಚ್ಚಿಟ್ಟವರು ಈಗ ಅದರ ಕರುಳನ್ನೂ ತೋರಿಸಲು ಹೊರಟಿದ್ದರು.

ಆದರೆ ಅಖಾಡ ಅಷ್ಟರಲ್ಲಿ ತುಂಬಿಹೋಗಿತ್ತು. ಬಜಾಜ್ ತಯಾರಿಸಿದ, ಬ್ರಿಟನ್ನಿನ ಲಾಂಛನದ ಟ್ರಯಂಫ್ ಸ್ಪೀಡ್ 400 ಅದೇ ಜುಲೈನಲ್ಲಿ 2.33 ಲಕ್ಷಕ್ಕೆ, 40 ಅಶ್ವಶಕ್ತಿಯೊಂದಿಗೆ ಬಂದಿತ್ತು. ವಿದೇಶಿ ಲಾಂಛನವನ್ನು ಸ್ವದೇಶಿ ಬೆಲೆಗೆ ಕೊಡುವುದು ಹೇಗೆಂದು 2018ರಲ್ಲಿ ಹೊಸೂರಿಗೆ ಹೊಳೆಯದ್ದು ಚಾಕಣ್‌ಗೆ ಹೊಳೆದಿತ್ತು. 2024ರ ಮೇನಲ್ಲಿ ಪಲ್ಸರ್ ಎನ್‌ಎಸ್400ಝಡ್ 1.85 ಲಕ್ಷಕ್ಕೆ ಬಂದು ಲೆಕ್ಕವನ್ನು ಇನ್ನಷ್ಟು ಕೆಡಿಸಿತು. 313 ಸಿಸಿ ಎಂಬುದು ಈಗ ‘ಚಿಕ್ಕ’ ಎಂಜಿನ್.

ಆ ಚಿಕ್ಕತನಕ್ಕೆ ಒಂದು ಅದೃಷ್ಟ ಒದಗಿತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡವುಗಳದು ಸೆಸ್ ಸೇರಿ ಶೇ 31 ಇದ್ದದ್ದು 40ಕ್ಕೆ ಏರಿತು. ಹನ್ನೆರಡು ವರ್ಷ ಹಿಂದೆ ಆಯ್ದ ಗಾತ್ರ, ಹೆಚ್ಚು ಸಿಸಿಯವರ ಮುಂದೆ ಸದಾ ತಲೆ ತಗ್ಗಿಸುತ್ತಿದ್ದ ಗಾತ್ರ, ಒಂದೇ ದಿನದಲ್ಲಿ ಜಾಣ ಆಯ್ಕೆಯಂತೆ ಕಾಣತೊಡಗಿತು.

ಅದರ ಲಾಭ ಉಣ್ಣಲು ಜಿ 310 ಆರ್ ಮಾತ್ರ ಉಳಿದಿರಲಿಲ್ಲ. 2025ರ ಏಪ್ರಿಲ್‌ನಿಂದ ಜಾರಿಯಾದ ಒಬಿಡಿ-2ಬಿ ಹೊಗೆ ನಿಯಮಕ್ಕೆ ಅದನ್ನು ಹೊಂದಿಸುವ ಗೋಜಿಗೆ ಬಿಎಂಡಬ್ಲ್ಯು ಹೋಗಲಿಲ್ಲ, ಭಾರತದಲ್ಲಿ ಮಾರಾಟ ನಿಂತಿತು. ಅದು ಹೊಸೂರಿನೊಂದಿಗೆ ಮುಂದಿನ ಹೆಜ್ಜೆಯಾಗಿ ಆಯ್ದುಕೊಂಡದ್ದು ಎರಡು ಸಿಲಿಂಡರ್‌ಗಳ ಎಫ್ 450 ಜಿಎಸ್ ಬೈಕನ್ನು. ಬಲ 48 ಅಶ್ವಶಕ್ತಿ, ಅಂದರೆ 35 ಕಿಲೋವಾಟ್. ಎ2 ಮಿತಿಯನ್ನು ಈ ಬಾರಿ ಕೂದಲೆಳೆಯಷ್ಟೂ ಬಿಡದೆ ಮುಟ್ಟಿದ್ದಾರೆ.

ಟಿವಿಎಸ್ ತನ್ನ ಪಾಡಿಗೆ ತಾನು 299 ಸಿಸಿಯ ಹೊಸ ಎಂಜಿನ್ ಒಂದನ್ನು ಕಟ್ಟಿ, 2025ರ ಅಕ್ಟೋಬರ್‌ನಲ್ಲಿ ಅಪಾಚೆ ಆರ್‌ಟಿಎಕ್ಸ್ 300 ಬೈಕಿನಲ್ಲಿಟ್ಟು 1.99 ಲಕ್ಷಕ್ಕೆ ಮಾರಾಟ ಆರಂಭಿಸಿತು. ಅದನ್ನು ಪಕ್ಕದಿಂದ ನೋಡಿದರೆ ಸೈಲೆನ್ಸರ್ ಕೊಳವೆ ಎಂಜಿನ್ನಿನ ಮುಂಬದಿಯಿಂದಲೇ ಇಳಿದು, ಹೊಟ್ಟೆಯ ಕೆಳಗಿಂದ ಬಳಸಿಕೊಂಡು ಹಿಂದಕ್ಕೆ ಹೋಗುತ್ತದೆ.